ಆಕಾಶದಲ್ಲಿ ಬಿಚ್ಚಿದ ಗಂಟುಗಳು

ಗಂಟು ಕಟ್ಟುವುದರಲ್ಲಿ ನನಗೊಂದು ಹೆಸರಿದೆ. ಇದನ್ನು ಜಂಬವೆಂದು ತಿಳಿಯಬೇಡಿ. ಒಬ್ಬೊಬ್ಬರ ಕೈಗೆ ಒಂದೊಂದು ಕೆಲಸ ಒಲಿದಿರುತ್ತದೆ. ನಿಮ್ಮ ಮನೆಯಲ್ಲೂ ದೋಸೆಯ ಕಾವಲಿಯನ್ನು ಪಳಗಿಸಬಲ್ಲವರು ಒಬ್ಬರೇ ಇರುತ್ತಾರೆ, ಮೊಂಡುಬಿದ್ದ ಬೀಗವನ್ನು ತೆರೆಯಬಲ್ಲವರು ಇನ್ನೊಬ್ಬರಿರುತ್ತಾರೆ. ನನಗೆ ಒಲಿದದ್ದು ಗಂಟು. ಕುಮಟೆಯ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದಷ್ಟು ಕಾಲವೂ ರಜೆಗೆ ಊರಿಗೆ ಹೊರಟ ಹುಡುಗಿಯರ ಹಾಸಿಗೆ ಸುರುಳಿಗಳನ್ನು ನಾನೇ ಮುಂದೆ ನಿಂತು ಕಟ್ಟುತ್ತಿದ್ದೆ. ಬಸ್ಸಿನ ನೆತ್ತಿಯ ಮೇಲೆ ಕೂತು ಘಟ್ಟದ ತಿರುವುಗಳನ್ನೆಲ್ಲ ದಾಟಿದರೂ ಒಂದೆಳೆಯಷ್ಟೂ ಸಡಿಲವಾಗದ ಆ ಗಂಟಿಗೆ ಹುಡುಗಿಯರು 'ವಾರ್ಡನ್ ಗಂಟು' ಎಂದು ಹೆಸರಿಟ್ಟಿದ್ದರು. ಮನೆಗೆ ಹೋದ ಮೇಲೆ ಅದನ್ನು ಬಿಚ್ಚಲು ಕತ್ತಿಯೇ ಬೇಕಾಗುತ್ತದೆಂದು ಬೆನ್ನ ಹಿಂದೆ ನಗುತ್ತಿದ್ದರಂತೆ. ನಗಲಿ. ಕಳಚಿ ಬಿದ್ದ ಹಾಸಿಗೆಗಿಂತ ಕತ್ತಿ ಹುಡುಕುವ ತೊಂದರೆ ವಾಸಿ.

ಹಾಸ್ಟೆಲಿನ ಗಂಟೆಗೆ ಎದ್ದು, ಗಂಟೆಗೆ ಉಂಡು, ಗಂಟೆಗೆ ದೀಪ ಆರಿಸಿ ಬದುಕಿದವಳು ನಿವೃತ್ತಳಾಗಿ ಹೊನ್ನಾವರದ ಮನೆಗೆ ಬಂದ ಮೇಲೂ ಆ ಗಂಟೆ ನನ್ನೊಳಗೆ ಮೊಳಗುತ್ತಲೇ ಇತ್ತು. ನೀರು ತುಂಬುವ ಹೊತ್ತಿಗೆ ನೀರು, ಓದುವ ಹೊತ್ತಿಗೆ ಓದು. ಹೊತ್ತನ್ನು ನಾವು ಹಿಡಿತದಲ್ಲಿಟ್ಟುಕೊಂಡರೆ ಬದುಕಿನ ಮುಕ್ಕಾಲು ಕಷ್ಟ ಬಾಗಿಲಲ್ಲೇ ನಿಂತು ಹಿಂದಕ್ಕೆ ಹೋಗುತ್ತದೆಂಬುದು ನನ್ನ ನಂಬಿಕೆಯಾಗಿತ್ತು. ಉಳಿದ ಕಾಲು ಭಾಗದ ಕಥೆಯೇ ಈಗ ನಿಮಗೆ ಹೇಳಹೊರಟಿರುವುದು.

ಮಗಳು ಶಾಲಿನಿ ನರ್ಸು. ಜರ್ಮನಿಯ ಉತ್ತರದ ಒಂದು ಬಂದರು ಊರಿನಲ್ಲಿ ಅವಳಿಗೆ ಆಸ್ಪತ್ರೆಯ ಕೆಲಸ. ಗಂಡ ವಿನಾಯಕ ನಮ್ಮ ಕುಮಟೆಯ ಕಡೆಯವನೇ, ಅಲ್ಲಿ ಹಡಗು ರಿಪೇರಿಯ ಕಾರ್ಖಾನೆಯಲ್ಲಿದ್ದ. ಮದುವೆಯಾಗಿ ಬಹಳ ವರ್ಷಗಳ ಮೇಲೆ, ನಾವೆಲ್ಲ ಆ ಮಾತನ್ನು ಎತ್ತುವುದನ್ನೇ ಬಿಟ್ಟ ಮೇಲೆ, ಅವಳು ಬಸುರಿಯೆಂಬ ಸುದ್ದಿ ಬಂತು. ಮೊದಲ ಹೆರಿಗೆ ತವರಲ್ಲಾಗಬೇಕು. ಆದರೆ ಅಷ್ಟು ತಡವಾಗಿ ನಿಂತ ಬಸಿರನ್ನು ಹೊತ್ತು ಅಷ್ಟು ದೂರ ಹಾರಬಾರದೆಂದು ಅಲ್ಲಿನ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಮಗಳು ತವರಿಗೆ ಬರಲಾಗದಿದ್ದರೆ ತವರೇ ಮಗಳಲ್ಲಿಗೆ ಹೋಗಬೇಕಷ್ಟೆ. ನಮ್ಮವರು ಶರಾವತಿಯ ಸೇತುವೆಯ ಮೇಲೆ ಬಸ್ಸು ಓಡುವಾಗಲೇ ಕಣ್ಣು ಮುಚ್ಚಿ ಕೂರುವ ಮನುಷ್ಯ. ಅವರನ್ನು ಆಕಾಶಕ್ಕೆ ಏರಿಸುವ ಆಸೆ ನನಗಿರಲಿಲ್ಲ. ಮನೆ, ದನ, ತೆಂಗಿನಮರಗಳನ್ನು ಅವರ ಸುಪರ್ದಿಗೆ ಬಿಟ್ಟು, ಹೆರಿಗೆಯ ದಿನಕ್ಕೆ ಸಾಕಷ್ಟು ಮೊದಲೇ ತಲುಪುವಂತೆ ಎಣಿಕೆ ಹಾಕಿ, ನಾನೊಬ್ಬಳೇ ಹೊರಡುವುದೆಂದು ತೀರ್ಮಾನವಾಯಿತು.

ಬಾಣಂತನದ ಸಾಮಾನು ಕಟ್ಟುವುದೆಂದರೆ ನಿಮಗೆ ಗೊತ್ತು, ಅದೊಂದು ಸಣ್ಣ ಸಂಸಾರವನ್ನೇ ಮಡಚಿ ಇಡುವ ಕೆಲಸ. ನೂರು ಸಲ ಒಗೆದು ಬೆಣ್ಣೆಯಂತಾದ ಹಳೆಯ ಸೀರೆಯ ತುಂಡುಗಳು, ಬಜೆ, ಅರಿಸಿನ, ಕಾಳುಮೆಣಸಿನ ಪುಡಿ, ಮನೆಯ ಕೊಬ್ಬರಿ ಎಣ್ಣೆ, ಲೇಹ್ಯದ ಡಬ್ಬಿ. ಒಂದೊಂದನ್ನೂ ಒಂದೊಂದು ಬಟ್ಟೆಯಲ್ಲಿ ಗಂಟು ಕಟ್ಟಿ, ಗಂಟುಗಳನ್ನು ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಗೆ ಬೀಗ ಹಾಕಿ, ಮೇಲಿಂದ ಹಗ್ಗ ಸುತ್ತಿ ಬಿಗಿದೆ. ಸಹಾಯಕ್ಕೆಂದು ನನ್ನ ತವರು ಬಾಡದಿಂದ ಬಂದಿದ್ದ ಅಣ್ಣನ ಹೆಂಡತಿ ಪಾರ್ವತಿ ಗಲ್ಲಕ್ಕೆ ಕೈಕೊಟ್ಟು ನೋಡುತ್ತ ಕೂತಿದ್ದಳು.

"ಎಂತದೆ ಇದು? ಬಾಣಂತನಕ್ಕೆ ಹೋಗೋದೋ, ಹೆಣ ಕಟ್ಟೋದೋ? ಹೆರೋ ಮನೆಗೆ ಹೋಗೋರು ಇಷ್ಟೆಲ್ಲಾ ಗಂಟು ಹಾಕೂಕಾಗ ಅಂತ ಅವ್ವೆ ಹೇಳ್ತಿದ್ದದ್ದು ಮರ್ತೇ ಹೋತಾ?"

"ಅತ್ತಿಗೆ, ಅದು ಹೆರೋ ಮನೇಲಿ. ವಿಮಾನದಲ್ಲಲ್ಲ. ಅಲ್ಲಿ ಸಾಮಾನನ್ನ ಮೂಟೆ ಎಸೆದ ಹಾಗೆ ಎಸೀತಾರಂತೆ."

"ಆತು ಮಾರಾಯ್ತಿ, ನಿನ್ನ ಕೂಡೆ ವಾದ ಮಾಡಿ ಗೆದ್ದೋರು ಯಾರಿದ್ರು?" ಎಂದು ಅವಳು ಹಗ್ಗದ ತುದಿಯನ್ನು ಹಿಡಿದುಕೊಟ್ಟಳು.

ಅವ್ವೆ ಎಂದರೆ ನನ್ನ ತಾಯಿ. ಬಾಡದಲ್ಲಿ, ಸಮುದ್ರದ ಸದ್ದು ಕೇಳುವಷ್ಟು ಹತ್ತಿರದ ಮನೆಯಲ್ಲಿ ನಾನು ಶಾಲಿನಿಯನ್ನು ಹೆತ್ತೆ. ನೋವು ಶುರುವಾದದ್ದೇ ತಡ, ಅವ್ವೆ ನನ್ನ ಹತ್ತಿರ ಬರುವ ಬದಲು ಮನೆಯೆಲ್ಲ ತಿರುಗಲು ಹೊರಟಳು. ಪೆಟ್ಟಿಗೆಗಳ ಬೀಗ ತೆಗೆದಳು, ಡಬ್ಬಿಗಳ ಮುಚ್ಚಳ ಸಡಿಲಿಸಿದಳು, ಬತ್ತದ ಮೂಟೆಯ ಬಾಯಿ ಬಿಚ್ಚಿದಳು, ಕೊಟ್ಟಿಗೆಯ ಕರುವಿನ ಹಗ್ಗ ಕಳಚಿದಳು. ಕರು ಅಂಗಳದ ತೊಂಡೆಯ ಚಪ್ಪರವನ್ನು ಮೇದು ಮುಗಿಸಿದರೂ ಯಾರೂ ಅದನ್ನು ಗದರಲಿಲ್ಲ. ಕಡೆಗೆ ತನ್ನ ತುರುಬನ್ನೂ ಬಿಚ್ಚಿ ಬೆನ್ನ ಮೇಲೆ ಹರಡಿಕೊಂಡು ಬಂದು ನನ್ನ ಬದಿಯಲ್ಲಿ ಕೂತು ಸೊಂಟದ ಹಿಂಬದಿಗೆ ತನ್ನ ಅಂಗೈಯನ್ನು ಒತ್ತಿ ಹಿಡಿದಳು. ಮನೆಯಲ್ಲಿ ಗಂಟು ಇದ್ದಷ್ಟು ಹೊತ್ತು ಮಗು ದಾರಿ ಹುಡುಕುತ್ತಿರುತ್ತದೆಂಬುದು ಅವಳ ನಂಬಿಕೆ. ನನ್ನದು ಓದಿದ ತಲೆ. ಒಳಗೊಳಗೇ ನಗು ಬಂದಿತ್ತು. ಆದರೆ ಸೊಂಟದ ಮೇಲಿದ್ದ ಆ ಅಂಗೈಯ ಬಿಸಿಯ ವಿಷಯದಲ್ಲಿ ನನ್ನ ಓದಿಗೆ ಯಾವ ತಕರಾರೂ ಇರಲಿಲ್ಲ. ಪ್ರತಿ ನೋವಿನ ಅಲೆಗೂ ಆ ಕೈ ನನಗಿಂತ ಮೊದಲೇ ಎಚ್ಚತ್ತು ಒತ್ತುತ್ತಿತ್ತು. ನನ್ನ ಮಗಳಿಗೆ ಕೊಡಬೇಕೆಂದು ನಾನು ಇಷ್ಟು ವರ್ಷ ಕಾದಿಟ್ಟದ್ದೇನಾದರೂ ಇದ್ದರೆ ಅದು ಚಿನ್ನವಲ್ಲ, ಆ ಕೈ.

ಹೊನ್ನಾವರದಿಂದ ಕೊಂಕಣ ರೈಲು ಹತ್ತಿ ಮುಂಬಯಿಗೆ ಬಂದು, ಮಾರನೆಯ ಬೆಳಗಿನ ವಿಮಾನಕ್ಕೆ ಬಹಳ ಮೊದಲೇ ನಿಲ್ದಾಣಕ್ಕೆ ಹೋಗಿ ಕೂತೆ. ಒಳಗೆ ಹೋಗುವ ಮುನ್ನ ಒಂದು ಮಾತಾಡಿಬಿಡೋಣವೆಂದು ಬೂತಿನಿಂದ ವಿನಾಯಕನ ಮೊಬೈಲಿಗೆ ಫೋನು ಹಚ್ಚಿದೆ. ಅವನ ದನಿಯಲ್ಲಿ ಉಸಿರಿರಲಿಲ್ಲ.

"ಅತ್ತೆ, ಗಾಬರಿ ಆಗ್ಬೇಡಿ. ರಾತ್ರಿಯಿಂದ ನೋವು. ಈಗ ಆಸ್ಪತ್ರೇಲೇ ಇದ್ದೆವು. ದಿನಕ್ಕಿಂತ ಮೊದ್ಲೇ ಆಗ್ತದೆ ಅಂತ್ರು. ಮಗು ಸ್ವಲ್ಪ ಅಡ್ಡ ಮಲಗಿದೆ, ತಿರುಗ್ತದೋ ನೋಡ್ತೇವೆ ಅಂದ್ರು."

"ಅವಳ ಕೈಗೆ ಕೊಡು."

"ಒಳಗಿದ್ದಾಳೆ, ಅತ್ತೆ. ನಿಮ್ಮನ್ನೇ ಕೇಳ್ತಿದ್ಲು. ಏರ್‌ಪೋರ್ಟಿಗೆ ನನ್ನ ದೋಸ್ತ ಬರ್ತಾನೆ, ನಾನು ಬರೂಕಾಗ. ಇಲ್ಲಿ ನರ್ಸುಗಳ ಮೇಜಿನ ಮೇಲೆ ಕಂಪ್ಯೂಟರ್ ಅದೆ, ಎಲ್ಲಾ ಇವಳ ಗುರ್ತಿನವರೇ. ಏನಾದ್ರೂ ಇದ್ರೆ ನಿಮಗೆ ಮೇಲ್ ಹಾಕಿಡ್ತೆ. ಇಳಿದ ಕೂಡ್ಲೆ ಯಾರ ಹತ್ರನಾದ್ರೂ ಹೇಳಿ ನೋಡ್ಕಳಿ."

ಫೋನು ಇಟ್ಟೆ. ನನ್ನ ಎಣಿಕೆಯನ್ನು ಮಗು ಓದಿರಲಿಲ್ಲ.

ವಿಮಾನದೊಳಗೆ ಕಿಟಕಿಯ ಬದಿಯ ಜಾಗ. ಪಕ್ಕದಲ್ಲಿ ಬಿಳಿಯ ಗಡ್ಡವನ್ನು ನೀಟಾಗಿ ಕತ್ತರಿಸಿಕೊಂಡ ಹಿರಿಯರೊಬ್ಬರು ಕೂತರು. ನಾನು ಬೆಲ್ಟಿನ ಕೊಂಡಿಯೊಡನೆ ಹೆಣಗುವುದನ್ನು ನೋಡಿ ಹಿಂದಿಯಲ್ಲಿ ಏನೋ ಹೇಳಲು ಬಾಯಿ ತೆರೆದವರು, ನನ್ನ ಕೈಚೀಲದ ಮೇಲೆ ಹೊನ್ನಾವರದ ಬಟ್ಟೆಯಂಗಡಿಯ ಹೆಸರು ಕಂಡು ತಟ್ಟನೆ ಕನ್ನಡಕ್ಕೆ ಹೊರಳಿದರು.

"ಹೊನ್ನಾವರದವರಾ? ನಾನು ಭಟ್ಕಳ. ಇಕ್ಬಾಲ್ ಅಂತ. ನಿಮ್ಮನ್ನ ನೋಡಿದ್ರೆ ಅಕ್ಕೋರ ಹಾಗೆ ಕಾಣ್ತೀರಿ."

ನಮ್ಮ ಕಡೆ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರೆಂದೇ ಹೆಸರು. ವಾರ್ಡನ್ ಎಂದು ತಿದ್ದುವ ಶಕ್ತಿ ಆಗ ನನಗಿರಲಿಲ್ಲ. ಅವರದು ಬಟ್ಟೆಯ ವ್ಯಾಪಾರ, ಜರ್ಮನಿಯಲ್ಲೊಂದು ದೊಡ್ಡ ಬಟ್ಟೆಯ ಸಂತೆಯಂತೆ, ಅಲ್ಲಿಗೆ ಹೊರಟವರು. ಮನೆಯಲ್ಲಿ ನವಾಯತಿ, ಅಂಗಡಿಯಲ್ಲಿ ಕನ್ನಡ, ಮುಟ್ಟಳ್ಳಿಯಲ್ಲಿ ನಾಲ್ಕು ತೆಂಗಿನಮರ. ವಿಮಾನ ಮೇಲೇರುವಷ್ಟರಲ್ಲಿ ಅವರ ವಿಷಯ ಇಷ್ಟು ನನಗೂ, ನನ್ನ ವಿಷಯ ಪೂರ್ತಿಯಾಗಿ ಅವರಿಗೂ ಗೊತ್ತಾಗಿತ್ತು. ಯಾರೊಡನೆಯೂ ಹಾಗೆ ಮನಸ್ಸು ಸುರಿದವಳಲ್ಲ ನಾನು. ಆದರೆ ನೆಲ ಬಿಟ್ಟ ಕ್ಷಣದಲ್ಲಿ, ಇನ್ನು ಸಂಜೆಯ ತನಕ ನನಗೆ ಏನೂ ತಿಳಿಯದು, ನಾನು ಏನೂ ಮಾಡಲಾರೆ ಎಂದು ಅವರಿಗೆ ಹೇಳಿಬಿಟ್ಟಿದ್ದೆ.

"ಯಾರು ಹೇಳಿದ್ದು ತಿಳಿಯೋದಿಲ್ಲ ಅಂತ?" ಎಂದರು ಸಾಹೇಬರು. ಮುಂದಿನ ಸೀಟಿನ ಬೆನ್ನ ಜೇಬಿನಿಂದ ಒಂದು ಹೊಳಪು ಕಾಗದ ಎಳೆದು ನನ್ನ ಮುಂದೆ ಹಿಡಿದರು. "ಓದಿ. ಈ ವಿಮಾನದಲ್ಲಿ ಇಂಟರ್‌ನೆಟ್ ಅದೆ. ದುಡ್ಡು ಕೊಟ್ರೆ ಇಷ್ಟು ಹೊತ್ತು ಅಂತ ಕೊಡ್ತಾರೆ. ಹೋದ ಸಲ ನಮ್ಮ ತಮ್ಮ ಬಂದವ ಇಲ್ಲಿಂದಲೇ ಅಂಗಡಿಗೆ ಮೇಲ್ ಹಾಕಿ ಎಲ್ಲರ ತಲೆ ತಿಂದಿದ್ದ."

ನಾನು ಆ ಕಾಗದವನ್ನು ನಂಬಲಿಲ್ಲ. ಹೊನ್ನಾವರದಲ್ಲಿ ನಮ್ಮ ಹಳೆಯ ಹಾಸ್ಟೆಲಿನ ಹುಡುಗಿಯೊಬ್ಬಳು ನಡೆಸುವ ಸೈಬರ್ ಕೆಫೆಯಲ್ಲಿ ಕೂತು ಶಾಲಿನಿಗೆ ಮೇಲ್ ಬರೆದು ನನಗೆ ಅಭ್ಯಾಸವಿತ್ತು. ಅಲ್ಲಿ ನೆಲದ ಮೇಲೆ, ಗೋಡೆಯಿಂದ ತಂತಿ ಬಂದಿದ್ದರೂ, ಮಳೆಯ ಒಂದು ಹನಿ ಬಿದ್ದರೆ ಸಂಪರ್ಕ ತಪ್ಪುತ್ತಿತ್ತು. ಮೋಡಗಳ ಮೇಲೆ ಯಾವ ಗೋಡೆ, ಯಾವ ತಂತಿ?

ಸುದ್ದಿಯನ್ನು ಮಾರುವುದು ಹೊಸದೇನಲ್ಲ ಎಂದು ಆಮೇಲೆ ಯೋಚಿಸಿದ್ದೇನೆ. ಅಂಚೆ ಕಚೇರಿಯ ತಂತಿಯನ್ನು ನಮಗೆ ಪದಗಳ ಲೆಕ್ಕದಲ್ಲಿ ಮಾರಿದರು. ಹಾಗಾಗಿ ನಮ್ಮ ತಲೆಮಾರಿನವರು ಸಾವನ್ನೂ ಹುಟ್ಟನ್ನೂ ಕ್ರಿಯಾಪದವಿಲ್ಲದೆ ಹೇಳಲು ಕಲಿತೆವು. ಟ್ರಂಕ್ ಕಾಲನ್ನು ನಿಮಿಷಗಳ ಲೆಕ್ಕದಲ್ಲಿ ಮಾರಿದರು. ಅರ್ಧ ಹೊತ್ತು ಹಲೋ ಎಂದು ಕೂಗುವುದರಲ್ಲೇ ಕಳೆಯಿತು. ಈಗ ಆಕಾಶದಲ್ಲಿ ಗಂಟೆಗೆ ಇಷ್ಟೆಂದು ಮಾರುತ್ತಿದ್ದಾರೆ. ಮಾರುವವನಿಗೆ ಒಂದು ವಿಷಯ ಚೆನ್ನಾಗಿ ಗೊತ್ತು: ದೂರವಿರುವವರ ನಡುವೆ ಹಂಬಲವೆಂಬುದೊಂದು ತಾನಾಗಿ ಬೆಳೆಯುತ್ತದೆ, ಅದಕ್ಕೆ ಗೊಬ್ಬರ ಬೇಡ, ನೀರು ಬೇಡ. ಅಂಗಡಿಯನ್ನು ಅದರ ಪಕ್ಕದಲ್ಲಿ ತೆರೆದರೆ ಸಾಕು. ಇದನ್ನು ನಾನು ದೂರಿನ ಮಾತಾಗಿ ಹೇಳುತ್ತಿಲ್ಲ. ಬಾಯಾರಿದವನು ನೀರು ಮಾರುವವನನ್ನು ಬೈಯುವುದು ಕುಡಿದ ಮೇಲೆಯೇ.

ದುಡ್ಡು ಕಟ್ಟಲು ಬ್ಯಾಂಕಿನ ಕಾರ್ಡು ಬೇಕಂತೆ. ನನ್ನಲ್ಲಿ ಅಂಥದ್ದಿರಲಿಲ್ಲ. ಸೆರಗಿನ ಮರೆಯ ಚೀಲಕ್ಕೆ ಕೈಹಾಕಿದೆ. ಸಾಹೇಬರು ಕಣ್ಣು ಅಗಲಿಸಿ ನೋಡಿದರು.

"ಅಕ್ಕೋರೆ, ಅದನ್ನ ಒಳಗಿಡಿ. ಹೆರಿಗೆ ಸುದ್ದಿಗೆ ಭಟ್ಕಳದವ ದುಡ್ಡು ತಕ್ಕಂಡ ಅಂತ ನಾಳೆ ಹೊನ್ನಾವರ ಪೂರ್ತಿ ಹೇಳೂಕಾ?"

ಅವರ ಲ್ಯಾಪ್‌ಟಾಪಿನ ಪರದೆ ಬೆಳಗಿತು. ಸಾಹೇಬರು ತಮ್ಮ ಕಾರ್ಡಿನಿಂದಲೇ ಒಂದು ಗಂಟೆ ಕೊಂಡರು. ನನ್ನ ಹೆಸರು, ಗುಪ್ತಪದಗಳನ್ನು ನಾನೇ ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಪರದೆಯ ಮೇಲೊಂದು ಸಣ್ಣ ಚಕ್ರ ತಿರುಗಿತು, ತಿರುಗಿತು, ಮತ್ತೂ ತಿರುಗಿತು. ಕೆಳಗೆ ಯಾವುದೋ ಮರಳುಗಾಡು ಹಾಸಿಕೊಂಡಿತ್ತು. ಆಮೇಲೆ, ಓದುಗ ಮಿತ್ರರೇ, ಆ ಮರಳುಗಾಡಿನ ಮೇಲಿನ ಖಾಲಿ ಆಕಾಶದಲ್ಲಿ ವಿನಾಯಕನ ಹೆಸರು ಮೂಡಿತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಶಾಲಿನಿಗೆ ನೋವು ಜೋರಾಗಿದೆ, ಮಗು ಇನ್ನೂ ತಿರುಗಿಲ್ಲ, ಸ್ವಲ್ಪ ಹೊತ್ತು ಕಾದು ಆಪರೇಶನ್ನಿನ ಯೋಚನೆ ಮಾಡುತ್ತಾರಂತೆ. ಕೊನೆಗೆ ಒಂದು ಸಾಲು: ಆಯಿ ಎಲ್ಲಿದ್ದಾಳೆ, ಆಯಿ ಎಲ್ಲಿದ್ದಾಳೆ ಎಂದು ಒಂದೇ ಸಮನೆ ಕೇಳುತ್ತಿದ್ದಾಳೆ. ಆಯಿ ಎಂದರೆ ನಾನು.

ಉತ್ತರ ಬರೆಯಬೇಕು. ಸಾಹೇಬರು ಯಂತ್ರವನ್ನು ನನ್ನ ಕಡೆಗೆ ತಿರುಗಿಸಿ ತಾವು ಇನ್ನೊಂದು ಬದಿಗೆ ಮುಖಮಾಡಿ ಕೂತರು. ನೂರಾರು ಹುಡುಗಿಯರಿಗೆ ಹೀಗೆ ಮಾಡು, ಹಾಗೆ ಮಾಡು ಎಂದು ಹೇಳಿ ಅಭ್ಯಾಸವಾದ ನನಗೆ ನನ್ನ ಮಗಳಿಗೆ ಹೇಳಲು ಒಂದು ಮಾತೂ ಹೊಳೆಯಲಿಲ್ಲ. ಧೈರ್ಯವಾಗಿರು ಎಂದರೆ ಅವಳೇ ದಿನವೂ ಪರರಿಗೆ ಹೇಳುವ ಮಾತು. ದೇವರಿದ್ದಾನೆ ಎಂದರೆ, ದೇವರನ್ನಲ್ಲವಲ್ಲ ಅವಳು ಕೇಳಿದ್ದು. ಬೆರಳುಗಳು ತಾವಾಗಿಯೇ ಹುಡುಕಿ ಒತ್ತಿದ ಅಕ್ಷರಗಳನ್ನು ಓದಿ ನಾನೇ ಬೆಚ್ಚಿದೆ: 'ವಿನಾಯಕ, ಅವಳ ಜಡೆ ಬಿಚ್ಚು. ಕೋಣೇಲಿ ಗಂಟು, ಬೀಗ ಏನಿದ್ರೂ ತೆಗೆಸು. ನಗೂಕಾಗ. ಬಾಡದ ಅಜ್ಜಿ ಹೇಳಿದ್ದು ಅಂತ ಅವಳಿಗೆ ಹೇಳು. ಸೊಂಟದ ಹಿಂದೆ ನಿನ್ನ ಕೈ ಇಟ್ಟು ಒತ್ತಿ ಹಿಡಿ. ನಾನು ಬತ್ತಾ ಇದ್ದೆ.'

ಕಳಿಸಿದ ಮೇಲೆ ಪಾರ್ವತಿ ಅತ್ತಿಗೆಯ ಮಾತು ನೆನಪಾಯಿತು. ನನ್ನ ಕಾಲ ಕೆಳಗೆ, ವಿಮಾನದ ಹೊಟ್ಟೆಯೊಳಗೆ, ನನ್ನದೇ ಕೈಯಿಂದ ಬಿಗಿದ ಪೆಟ್ಟಿಗೆ ಕೂತಿತ್ತು. ಬೀಗ, ಹಗ್ಗ, ಒಳಗೆ ಗಂಟಿನ ಮೇಲೆ ಗಂಟು. ಇಡೀ ಆಕಾಶದಲ್ಲಿ ಅಷ್ಟು ಬಿಗಿಯಾಗಿ ಕಟ್ಟಿದ ವಸ್ತು ಇನ್ನೊಂದಿರಲಾರದು. ಸಾಹೇಬರಿಗೆ ಹೇಳಿದೆ. ಅವರು ನಗಲಿಲ್ಲ.

"ಅದನ್ನ ಬಿಚ್ಚಬೇಕಾದ್ರೆ ಪೈಲಟ್ಟೇ ಇಳಿದು ಹೋಗ್ಬೇಕು. ಅದಾಗ. ಮೇಲಿರೋದನ್ನ ಬಿಚ್ಚಿ, ಅಕ್ಕೋರೆ. ನಮ್ಮ ಅಜ್ಜೀನೂ ಹೀಗೇ. ಮನೇಲಿ ಯಾರಿಗಾದ್ರೂ ನೋವು ಬಂದ್ರೆ ಪೆಟ್ಟಿಗೆ, ಕಪಾಟು ಎಲ್ಲಾ ತೆಗೆದಿಡ್ತಿದ್ರು. ನಾವು ಆವಾಗ ಕಪಾಟಿನ ಖರ್ಜೂರ ಕದೀತಿದ್ವು."

ಕೈಚೀಲದಲ್ಲಿ ಶಾಲಿನಿಗೆಂದೇ ಇಟ್ಟಿದ್ದ ಚಿಕ್ಕ ಗಂಟುಗಳಿದ್ದವು, ಒಂದೊಂದಾಗಿ ಬಿಚ್ಚಿದೆ. ಬಜೆ, ಅರಿಸಿನಗಳ ವಾಸನೆ ಆ ತಣ್ಣನೆಯ ಕೃತಕ ಗಾಳಿಯಲ್ಲಿ ಹರಡಿತು. ಬಾಲ್ಯದಿಂದ ಇಂದಿನವರೆಗೆ ಪರರ ಮುಂದೆ ಸಡಿಲಿಸದ ತುರುಬನ್ನು ಬಿಚ್ಚಿದೆ. ಕೊನೆಗೆ ಹೊಟ್ಟೆಯ ಮೇಲಿದ್ದ ಬೆಲ್ಟಿನ ಕೊಂಡಿಯನ್ನೂ ಕಳಚಿದೆ. ಸರಿಯಾಗಿ ಅದೇ ಹೊತ್ತಿಗೆ ವಿಮಾನ ಕುಲುಕಿತು, ಬೆಲ್ಟು ಕಟ್ಟಿಕೊಳ್ಳಿರೆಂಬ ದೀಪ ಹೊತ್ತಿತು, ಎತ್ತರದ ಗಗನಸಖಿಯೊಬ್ಬಳು ಸಾಲು ಸಾಲಾಗಿ ನೋಡುತ್ತ ಬಂದು ನನ್ನ ಮುಂದೆ ನಿಂತಳು. ಬಿಚ್ಚಿದ ಕೂದಲು, ಮಡಿಲ ತುಂಬ ಬಟ್ಟೆಯ ಚೂರು, ಬೇರು, ಪುಡಿ. ಅವಳು ಏನೆಂದುಕೊಂಡಳೋ. ಮೆತ್ತಗೆ, ಆದರೆ ಬಿಡದೆ, ಬೆಲ್ಟನ್ನು ತೋರಿಸಿದಳು.

ನಾನು ತಲೆಯಾಡಿಸಿ ಬೇಡವೆಂದೆ. ಜೀವಮಾನದಲ್ಲಿ ಮೊದಲ ಸಲ ಒಂದು ನಿಯಮಕ್ಕೆ ಎದುರು ನಿಂತೆ. ಸಾಹೇಬರು ಇಂಗ್ಲಿಷಿನಲ್ಲಿ ವಿವರಿಸಿದರು: ಇವರ ಮಗಳಿಗೆ ಈಗ ಹೆರಿಗೆ, ಇವರಲ್ಲಿ ಹೀಗೊಂದು ಪದ್ಧತಿ. ಅವಳು ಕೇಳಿದಳು, ನನ್ನ ಮುಖ ನೋಡಿದಳು, ಬಗ್ಗಿ ತಾನೇ ನನ್ನ ಬೆಲ್ಟಿನ ಕೊಂಡಿ ಹಾಕಿದಳು. ಹಾಕಿ, ಪಟ್ಟಿಯನ್ನು ನನ್ನ ಹೊಟ್ಟೆಯಿಂದ ಒಂದು ಕೈ ತೂರುವಷ್ಟು ಸಡಿಲ ಮಾಡಿದಳು. ನಿಯಮವೂ ಉಳಿಯಿತು, ಪದ್ಧತಿಯೂ ಉಳಿಯಿತು. ಅವಳ ಜಾಗದಲ್ಲಿ ನಾನಿದ್ದರೂ ಕೊಂಡಿ ಹಾಕಿಸದೆ ಬಿಡುತ್ತಿರಲಿಲ್ಲ. ಆದರೆ ಅಷ್ಟು ಸಡಿಲ ಬಿಡುತ್ತಿದ್ದೆನೇ ಎಂಬುದು ಗೊತ್ತಿಲ್ಲ. ಅವಳು ಹೋದ ಮೇಲೆ ಬಗ್ಗಿ ನೋಡಿದರೆ ಸಾಹೇಬರು ಸದ್ದಿಲ್ಲದೆ ತಮ್ಮ ಎರಡೂ ಬೂಟುಗಳ ದಾರವನ್ನು ಬಿಚ್ಚಿಟ್ಟು, ಕಾಲ ಬಳಿಯ ಬ್ಯಾಗಿನ ಬೀಗವನ್ನೂ ತೆಗೆದಿದ್ದರು.

ಚಕ್ರ ಮತ್ತೆ ತಿರುಗಿತು. ವಿನಾಯಕನ ಉತ್ತರ. ಜಡೆ ಬಿಚ್ಚಿದೆ, ಅತ್ತೆ. ಇಲ್ಲಿನ ಸೂಲಗಿತ್ತಿ ನರ್ಸು ಏನಿದು ಎಂದು ಕೇಳಿದಳು, ಶಾಲಿನಿ ನೋವಿನಲ್ಲೇ ಅವಳ ಭಾಷೆಯಲ್ಲಿ ಹೇಳಿದಳು. ಆ ಹೆಂಗಸು ಎದ್ದು ಕಪಾಟಿನ ಬಾಗಿಲುಗಳನ್ನೆಲ್ಲ ತೆರೆದಿಟ್ಟಳು, ಚಳಿಯಲ್ಲೂ ಕಿಟಕಿಯನ್ನು ಒಂದಿಷ್ಟು ತೆರೆದಳು, ತನ್ನ ಏಪ್ರನ್ನಿನ ದಾರವನ್ನೂ ಬಿಚ್ಚಿಕೊಂಡಳು. ಶಾಲಿನಿ ನಕ್ಕಳು. ಬೆಳಗಿಂದ ಮೊದಲ ಸಲ ನಕ್ಕಳು. ನನ್ನ ಕೈ ಸೊಂಟದ ಮೇಲಿದೆ, ಆದರೆ ಅಲ್ಲಲ್ಲ, ಅಲ್ಲಲ್ಲ ಅಂತಾಳೆ, ಎಲ್ಲಿ ಒತ್ತಬೇಕೋ ನನಗೆ ತಿಳೀತಿಲ್ಲ, ಅತ್ತೆ.

ಎಲ್ಲಿ ಒತ್ತಬೇಕೆಂದು ಹೇಗೆ ಬರೆಯುವುದು? ಬೆನ್ನುಹುರಿ ಮುಗಿಯುವಲ್ಲಿ ಎಂದು ಬರೆದೆ, ಅಳಿಸಿದೆ. ಅದಕ್ಕಿಂತ ಸ್ವಲ್ಪ ಕೆಳಗೆ ಎಂದು ಬರೆದೆ, ಅದನ್ನೂ ಅಳಿಸಿದೆ. ಆ ಜಾಗದ ಹೆಸರು ನನಗೆ ಗೊತ್ತಿರಲಿಲ್ಲ, ನನ್ನ ಅಂಗೈಗೆ ಗೊತ್ತಿತ್ತು. ಅಕ್ಷರಗಳ ಮೇಲೆ ಬೆರಳು ಇಟ್ಟುಕೊಂಡು ಹಾಗೇ ಕೂತಿದ್ದೆ. ಅಷ್ಟರಲ್ಲಿ ಪರದೆ ನಿಶ್ಚಲವಾಯಿತು. ಕೊಂಡ ಹೊತ್ತು ಇನ್ನೂ ಮುಗಿದಿರಲಿಲ್ಲ. ಆಕಾಶದ ಯಾವುದೋ ಭಾಗದಲ್ಲಿ ಸಂಪರ್ಕ ಸಿಗುವುದಿಲ್ಲವಂತೆ. ಸಾಹೇಬರು ಮತ್ತೆ ಮತ್ತೆ ಪ್ರಯತ್ನಿಸಿದರು, ಉರ್ದುವಿನಲ್ಲಿ ಏನೋ ಗೊಣಗಿದರು, ಕಡೆಗೆ ಕೈಚೆಲ್ಲಿದರು.

ಆ ಮೌನದಲ್ಲಿ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಏನೂ ತಿಳಿಯದೆ ಕೂತಿದ್ದಾಗ ನನ್ನ ಹಂಬಲಕ್ಕೆ ಆಕಾರವಿರಲಿಲ್ಲ, ಮಂಜಿನಂತೆ ಎಲ್ಲ ಕಡೆ ಹರಡಿತ್ತು. ಸುದ್ದಿ ಬಂದು ಅದಕ್ಕೊಂದು ಕೋಣೆ, ಒಂದು ಕಿಟಕಿ, ಮಗಳ ಬೆನ್ನಿನ ಮೇಲಿನ ಅಂಗೈಯಗಲದ ಒಂದು ಜಾಗ ಕೊಟ್ಟಿತು. ಈಗ ನಾನು ಎಲ್ಲಿ ಇಲ್ಲ ಎಂಬುದು ನನಗೆ ಖಚಿತವಾಗಿ ಗೊತ್ತಿತ್ತು. ದೂರವನ್ನು ಕಡಿಮೆ ಮಾಡುತ್ತೇವೆಂದು ಹೇಳಿ ಕೊಟ್ಟ ಆ ಗಂಟೆ ದೂರವನ್ನು ಕಣ್ಣೆದುರು ತಂದು ನಿಲ್ಲಿಸಿತ್ತು. ಹಾಗೆಂದು ಆ ಗಂಟೆ ಸಿಗದಿದ್ದರೆ ಒಳ್ಳೆಯದಿತ್ತೇ ಎಂದು ನೀವು ಕೇಳಿದರೆ, ಇಲ್ಲ, ಇನ್ನೊಮ್ಮೆ ಬೇಕು ಎಂದೇ ಹೇಳುತ್ತೇನೆ. ಅವಳು ನಕ್ಕಳೆಂಬುದು ಮತ್ತಾವ ದಾರಿಯಿಂದಲೂ ನನಗೆ ಬರುತ್ತಿರಲಿಲ್ಲ.

ಊಟ ಬಂತು, ಹೋಯಿತು. ಕಿಟಕಿಯಾಚೆ ಹಿಮದ ಬೆಟ್ಟಗಳು ಹಾದುಹೋದವು. ಬೇರೆ ದಿನವಾಗಿದ್ದರೆ ನೋಡಿ ದಣಿಯುತ್ತಿರಲಿಲ್ಲ. ನನ್ನ ಕೂದಲು ಹಾಗೆಯೇ ಹರಡಿತ್ತು. ಎಷ್ಟೋ ಹೊತ್ತಿನ ಮೇಲೆ, ಇನ್ನೊಂದು ಗಂಟೆ ಕೊಂಡು ಮತ್ತೆ ಪ್ರಯತ್ನಿಸುತ್ತಿದ್ದ ಸಾಹೇಬರು ಮೊಣಕೈಯಿಂದ ಮೆಲ್ಲಗೆ ತಟ್ಟಿದರು.

"ಅಕ್ಕೋರೆ. ಬಂತು. ನೀವೇ ಓದಿ, ನಾನು ನೋಡೋದಿಲ್ಲ."

ಮಗು ತಾನಾಗಿ ತಿರುಗಿತು. ಹೆಣ್ಣು. ಇಬ್ಬರೂ ಸುಖವಾಗಿದ್ದಾರೆ.

ಆ ಮೂರು ವಾಕ್ಯಗಳನ್ನು ನಾನು ದೊಡ್ಡದಾಗಿ ಓದಿದೆನಂತೆ, ನನಗೆ ತಿಳಿಯದು. ಸಾಹೇಬರು ಎರಡೂ ಕೈಗಳನ್ನು ಮೇಲೆತ್ತಿ ಏನೋ ಹೇಳಿ ಮುಖ ಒರೆಸಿಕೊಂಡರು. ಆ ಎತ್ತರದ ಗಗನಸಖಿ ಓಡಿಬಂದಳು, ಮೂವರಿಗೂ ಸೇರಿದ ಒಂದು ಭಾಷೆಯಿಲ್ಲದೆಯೂ ಅವಳಿಗೆ ಅರ್ಥವಾಯಿತು, ನನ್ನ ಭುಜ ಹಿಡಿದಳು. ಗಂಟು ಬಿಚ್ಚಿದ್ದರಿಂದ ತಿರುಗಿತೋ, ತಿರುಗುವ ಹೊತ್ತಿಗೆ ತಿರುಗಿತೋ, ನಕ್ಕದ್ದರಿಂದ ಮೈ ಸಡಿಲವಾಗಿ ತಿರುಗಿತೋ, ಇವತ್ತಿಗೂ ನನಗೆ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳುವ ಹಟವೂ ಇಲ್ಲ.

ಸಂತೋಷದ ನಡುವೆಯೂ ಒಂದು ಯೋಚನೆ ಸೂಜಿಯಂತೆ ಚುಚ್ಚಿತು. ನನ್ನ ಮೊಮ್ಮಗಳು ಅತ್ತದ್ದನ್ನು ಕೇಳಿದ್ದು, ಅವಳನ್ನು ಮೊದಲು ಎತ್ತಿದ್ದು, ಎಲ್ಲ ಆಗಲೇ ಆಗಿಹೋಗಿತ್ತು. ನನ್ನ ಮಾತು ಅಲ್ಲಿಗೆ ಹೋಗಿ ಕೆಲಸ ಮಾಡಿ ಬಂದಿತ್ತು. ನಾನು ಇನ್ನೂ ಮೋಡಗಳ ಮೇಲೆ ಸಡಿಲ ಬೆಲ್ಟಿನೊಳಗೆ ಕೂತಿದ್ದೆ.

ಇಳಿದ ಮೇಲೆ ಸಾಹೇಬರು ನನ್ನ ಪೆಟ್ಟಿಗೆಯನ್ನು ಎತ್ತಿ ಗಾಡಿಗೆ ಹಾಕಿ, "ಭಟ್ಕಳಕ್ಕೆ ಬಂದಾಗ ಅಂಗಡಿಗೆ ಬನ್ನಿ, ಮಗೂಗೆ ಅಂಗಿ ಬಟ್ಟೆ ನಂದು" ಎಂದು ಹೇಳಿ ತಮ್ಮ ದಾರಿ ಹಿಡಿದರು. ವಿನಾಯಕನ ದೋಸ್ತ ನನ್ನನ್ನು ರೈಲಿನಲ್ಲಿ ಕರೆದೊಯ್ದ. ಆಸ್ಪತ್ರೆಯ ಉದ್ದನೆಯ ಹಾದಿಯಲ್ಲಿ ನನ್ನ ಕಾಲು ಎಷ್ಟು ಬೇಗ ನಡೆಯಿತೆಂದರೆ ಆ ಹುಡುಗ ಹಿಂದೆ ಉಳಿದ.

ಕೋಣೆಯಲ್ಲಿ ಮಗು ಗಾಜಿನ ತೊಟ್ಟಿಲಲ್ಲಿ ನಿದ್ದೆ ಹೋಗಿತ್ತು. ವಿನಾಯಕ ಕುರ್ಚಿಯಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದ. ಶಾಲಿನಿ ಎಚ್ಚರವಿದ್ದಳು. ಕೂದಲು ದಿಂಬಿನ ತುಂಬ ಹರಡಿತ್ತು.

"ಎಷ್ಟು ತಡ ಮಾಡ್ದೆ, ಆಯಿ" ಎಂದಳು.

ತಡವಾಯಿತೆಂಬ ಮಾತನ್ನು ನನಗೆ ಹೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಕೈ ತೊಳೆದು, ಒರೆಸಿ, ಎರಡೂ ಅಂಗೈಗಳನ್ನು ಉಜ್ಜಿ ಬಿಸಿ ಮಾಡಿಕೊಂಡು ಮಂಚದ ಬದಿಯಲ್ಲಿ ಕೂತೆ. ಅವಳು ಮೆಲ್ಲಗೆ, ನೋಯದಂತೆ, ಆಚೆ ಮಗ್ಗುಲಿಗೆ ಹೊರಳಿದಳು. ಹಿಂದಕ್ಕೆ ಕೈ ಚಾಚಿ ನನ್ನ ಕೈ ಹುಡುಕಿ ಹಿಡಿದು, ಬೆನ್ನಿನ ಕೆಳಗೆ ಒಂದು ಜಾಗದಲ್ಲಿ ತಂದಿಟ್ಟಳು.

"ಇಲ್ಲಿ ನೋಯ್ತಿತ್ತು."

ಈಗ ಅಲ್ಲಿ ನೋವಿರಲಿಲ್ಲ. ನಾನು ಒತ್ತಿ ಹಿಡಿದೆ.